ಹೊಸ್ತಿಲಾಚೆಯ ಕೆಮ್ಮು

ಹಾಸಿಗೆ ಮಾಡುವವರ ಆ ಬೀದಿಯಲ್ಲಿ ಬಾಗಿಲು ತಟ್ಟುವವರೇ ಇರಲಿಲ್ಲ. ಹೊಸ್ತಿಲಾಚೆ ನಿಂತು ಒಮ್ಮೆ ಕೆಮ್ಮಿದರೆ ಸಾಕು, ಬಂದವರು ಯಾರೆಂದು ಒಳಗಿನವರಿಗೆ ತಿಳಿಯುತ್ತಿತ್ತು, ಚಿಲಕ ಸರಿಯುತ್ತಿತ್ತು. ಯಾವ ಕಾಲದಿಂದ ಹೀಗೆ ಎಂದು ಕೇಳಿದರೆ, ಹತ್ತಿ ಹಿಂಜುವುದು ಶುರುವಾದಾಗಿನಿಂದ ಅನ್ನುತ್ತಿದ್ದರು.

ನರ್ಸಮ್ಮ ಅಲ್ಲಿಗೆ ಬಂದದ್ದು ಒಂದೇ ಪ್ರಶ್ನೆ ಹಿಡಿದುಕೊಂಡು: ಈ ಮನೆಯಲ್ಲಿ ಉಸಿರಿನ ಕಾಯಿಲೆ ಯಾರಿಗಿದೆ? ರೋಗಿಗಳಿರುವ ಕಡೆಗೆ ಮಾತ್ರ ಎದೆ ಪರೀಕ್ಷೆಯ ವ್ಯಾನು ಬರುತ್ತದೆ. ಸೀಮೆಯನ್ನೆಲ್ಲ ಸುತ್ತಿದ ಅವಳಿಗೆ ಒಂದು ಸೋಜಿಗ ಬಗೆಹರಿದಿರಲಿಲ್ಲ. ಇಟ್ಟಿಗೆ ಗೂಡಿನವರು ತಮ್ಮ ಕೆಮ್ಮಿಗೆ, ಅದು ಹೊಗೆ ಎಂದಿದ್ದರು. ಕಲ್ಲು ಒಡೆಯುವವರು ಅದು ಧೂಳು ಎಂದಿದ್ದರು. ಹಿಟ್ಟಿನ ಗಿರಣಿಯವನು "ವಯಸ್ಸಾಯ್ತಲ್ಲ ತಾಯಿ" ಎಂದು ನಕ್ಕು, ನಗು ಮುಗಿಸಲಾರದೆ ಗೋಡೆ ಹಿಡಿದಿದ್ದ. ಕಾಯಿಲೆ ಮಾತ್ರ ಯಾರಿಗೂ ಇರಲಿಲ್ಲ.

ಬೀದಿಯ ತುದಿಮನೆಯ ಮುಂದೆ ಅರಳೆಯ ಎಳೆಯೊಂದು ತೇಲಿಬಂದು ಮೂಗಿಗೆ ಹೊಕ್ಕಿತು. ಅವಳೇ ಕೆಮ್ಮಿದಳು.

"ಯಾರದಪ್ಪಾ ಇದು, ಹೊಸ ಕೆಮ್ಮು?" ಎನ್ನುತ್ತ ಹಾಸಿಗೆಯವನ ಹೆಂಡತಿ ಬಾಗಿಲು ತೆರೆದಳು. ನರ್ಸಮ್ಮ ತನ್ನ ಪ್ರಶ್ನೆ ಕೇಳಿದ್ದೇ, "ನಮ್ಮನೇಲಿ ಯಾರಿಗೂ ಏನಿಲ್ಲ, ದೇವರ ದಯೆ. ಬನ್ನಿ, ಕೂತ್ಕೊಳ್ಳಿ" ಎಂದಳು.

"ಎಲ್ಲರ ಕೆಮ್ಮೂ ಗುರುತು ಸಿಗುತ್ತೇನಮ್ಮಾ?" ನರ್ಸಮ್ಮನಿಗೆ ಕುತೂಹಲ.

"ಅದೇನು ಮಹಾ ವಿದ್ಯೆ! ನಮ್ಮನೆಯವರದು ಬಾವಿಯಿಂದ ಕೊಡ ಎಳೆದ ಹಾಗೆ. ಪಕ್ಕದ ಮನೆ ದರ್ಜಿಯಣ್ಣಂದು ಕತ್ತರಿ ಆಡಿಸಿದ ಹಾಗೆ. ಪಾಪ, ಈಗ ಹೊಲಿಗೆ ಬಿಟ್ಟಿದಾರೆ, ಹೆಂಡತೀನೇ ಹೊಲೀತಾಳೆ. ನಮ್ಮತ್ತೇದು..."

"ನನ್ನ ಸುದ್ದಿ ಯಾಕೇ ಎತ್ತುತೀಯ?" ದಿಂಬುಗಳಿಗೆ ಒರಗಿದ್ದ ಮುದುಕಿ ಗದರಿದಳು.

"ನಿಮ್ಮದು ಬಿಡಿ ಅತ್ತೆ, ನೀವು ಆಚೇನೇ ಹೋಗಲ್ವಲ್ಲ."

"ಯಾಕಜ್ಜಿ, ಹೋಗಲ್ವಾ?" ನರ್ಸಮ್ಮ ಕೇಳಿದಳು.

"ಮೆಟ್ಟಿಲು ಇಳಿದರೆ ಉಸಿರು ಕೆಳಗೇ ಉಳಿದುಬಿಡುತ್ತೆ ಮಗಾ. ಮೊದಲೆಲ್ಲ ಬೆಳಗ್ಗೆ ದೇವರ ಹಾಡು ಪೂರ್ತಿ ಹೇಳ್ತಿದ್ದೆ. ಈಗ ಅರ್ಧ ನಾನು ಹೇಳ್ತೀನಿ, ಇನ್ನರ್ಧ ಅವನೇ ಹೇಳ್ಕೊಳ್ಳಲಿ."

ಅತ್ತೆ ಸೊಸೆ ಇಬ್ಬರೂ ನಕ್ಕರು. ಹಾಡು ಅರ್ಧಕ್ಕೆ ನಿಂತಿತ್ತು, ದರ್ಜಿಯ ಕೈ ಸೂಜಿ ಬಿಟ್ಟಿತ್ತು. ಇಷ್ಟೆಲ್ಲ ತೆತ್ತ ಮೇಲೂ ಆ ಕಾಯಿಲೆಗೊಂದು ಹೆಸರಿರಲಿಲ್ಲವಲ್ಲ ಎಂದು ನರ್ಸಮ್ಮ ಬೆರಗಾದಳು.

"ನಮ್ಮ ಗುಬ್ಬೀನೂ ಕಲ್ತುಬಿಟ್ಟಿದಾಳೆ," ಸೊಸೆ ಹಿಗ್ಗಿನಿಂದ ಹೇಳಿದಳು. "ದಿನಾ ಸ್ಕೂಲು ಬಿಟ್ಟಮೇಲೆ ಅಪ್ಪನಿಗೆ ಬುತ್ತಿ ಒಯ್ತಾಳೆ, ಹತ್ತಿ ಹಿಂಜೋ ಶೆಡ್ಡಲ್ಲೇ ಅರಳೆ ಗುಡ್ಡೆ ಮೇಲೆ ಕುಣೀತಿರ್ತಾಳೆ. ಈಚೀಚೆಗೆ ಥೇಟ್ ಅಪ್ಪನ ಹಾಗೇ ಆಚೆ ನಿಂತು ಕೆಮ್ತಾಳೆ, ನನ್ನ ಮಗಳು!"

"ಬಾಗಿಲು ತೆಗೀಲಿ ಅಂತಷ್ಟೇನಾ?"

"ಮತ್ತಿನ್ನೇನು? ತೆಗೆದಿಟ್ರೆ ಕೆಮ್ಮೋದೇ ಇಲ್ಲ. ಬೇಕಾದ್ರೆ ನೋಡಿ."

"ನೋಡೋಣ," ಎಂದಳು ನರ್ಸಮ್ಮ ಮೆತ್ತಗೆ.

ಸಂಜೆ ಬಾಗಿಲು ಪೂರ್ತಿ ತೆರೆದಿಟ್ಟು ಮೂವರೂ ಕಾದರು. ಬೀದಿಯಾಚೆ ಹಿಂಜುವ ಯಂತ್ರ ನಿಂತಿತು. ಮೊದಲು ಹಾಸಿಗೆಯವನು ಬಂದ. "ಏನಿವತ್ತು, ಬಾಗಿಲು ಬಾಯ್ಬಿಟ್ಕೊಂಡು ಕೂತಿದೆ?" ಎಂದವನು ಚೌಕಟ್ಟು ಹಿಡಿದು ಕೆಮ್ಮಿದ. ಅವನ ಕಡೆ ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಅವನ ಹಿಂದೆ.

ಕೂದಲ ತುಂಬ ಅರಳೆ ಮೆತ್ತಿಕೊಂಡು ಗುಬ್ಬಿ ಬಂದಳು. ತೆರೆದ ಬಾಗಿಲು ಕಂಡು ಖುಷಿಯಾಗಿ, ಸದ್ದಿಲ್ಲದೆ ನೇರ ಒಳಗೇ ಬಂದಳು.

"ನಾನು ಹೇಳಲಿಲ್ವಾ!" ತಾಯಿಯ ಮುಖ ಅರಳಿತು.

ಗುಬ್ಬಿ ಬುತ್ತಿ ಕೆಳಗಿಟ್ಟಳು. ನಡುಮನೆಯಲ್ಲಿ, ಯಾರನ್ನೂ ಕರೆಯಬೇಕಿಲ್ಲದ ಕಡೆ, ಮೊಣಕಾಲು ಹಿಡಿದು ಬಾಗಿ ಕೆಮ್ಮಿದಳು. ಬಾವಿಯಿಂದ ಕೊಡ ಎಳೆದ ಹಾಗೆ.

ಮುದುಕಿ ಕಣ್ಣು ಮುಚ್ಚಿ ದೇವರ ಹೆಸರೆತ್ತಿದಳು. ತಾಯಿ ಮಗಳ ಬೆನ್ನ ಮೇಲೆ ಕೈಯಿಟ್ಟು, ಒಳಗೆ ಏಳುತ್ತ ಬೀಳುತ್ತ ಇದ್ದ ಉಸಿರಿಗೆ ಬಹಳ ಹೊತ್ತು ಕಿವಿಗೊಟ್ಟಳು.

"ನರ್ಸಮ್ಮಾ, ಆಗ ಯಾರಿಗೂ ಇಲ್ಲ ಅಂದೆ ನೋಡಿ, ಅದನ್ನ ಬಿಟ್ಟುಬಿಡಿ. ಅತ್ತೆ, ಇವರು, ಗುಬ್ಬಿ, ಮೂವರಿಗೂ ಇದೆ. ವ್ಯಾನು ಬರೋ ಹಾಗೆ ಮಾಡಿ."

ಆಮೇಲೆ ತಾಯಿ ಸೆರಗು ಸಿಕ್ಕಿಸಿಕೊಂಡು ಎದ್ದಳು. ಪಕ್ಕದ ಮನೆಯ ಮುಂದೆ ನಿಂತು, ಕೆಮ್ಮದೆ, ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದಳು.

ಒಳಗೆ ಹೊಲಿಗೆ ಯಂತ್ರ ಗಕ್ಕನೆ ನಿಂತಿತು. ಆ ಬೀದಿಯಲ್ಲಿ ಯಾರೂ ಕೇಳಿರದ ಮಾತನ್ನು ದರ್ಜಿ ಗಾಬರಿಯಿಂದ ಕೇಳಿದ:

"ಯಾರು?"