ಸಿಂಪಲ್ ಗಾಯ

ಸೂಜಿ ಹುಬ್ಬಿನೊಳಗೆ ಇಳಿಯುತ್ತಿದೆ, ದಾರ ಎಳೆದಾಗ ಚರ್ಮ ಅದರ ಹಿಂದೆಯೇ ಎದ್ದು ಬರುತ್ತದೆ, ನೋವಿಲ್ಲ, ಮರಗಟ್ಟಿದೆ, ಎಳೆತ ಮಾತ್ರ ಗೊತ್ತಾಗುತ್ತದೆ, ಸ್ಪಿರಿಟ್ಟಿನ ವಾಸನೆ, ಬಾಯಲ್ಲಿ ರಕ್ತದ ಉಪ್ಪು, ಡಾಕ್ಟರು ನನ್ನ ಹಣೆಯ ಮೇಲಿಂದಲೇ ಮಹಿಳಾ ಪೊಲೀಸರಿಗೆ ಹೇಳುತ್ತಿದ್ದಾರೆ, ಎಲುಬು ಮುರದಿಲ್ಲರಿ, ಹಲ್ಲು ಹೋಗಿಲ್ಲ, ಕಣ್ಣು ಉಳದೈತಿ, ಸಿಂಪಲ್ ಇಂಜುರಿ ಅಂತ ಬರೀತೀನಿ — ಸಿಂಪಲ್. ಬೆಟಗೇರಿಯ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಇಂಗ್ಲಿಷ್ ಕಲಿಸುವ ಶೀತಲ್ ಟೀಚರ್ ನಾನು, ಮೊನ್ನೆಯಷ್ಟೇ ಬೋರ್ಡಿನ ಮೇಲೆ ಬರೆದಿದ್ದೆ, ಸಿಂಪಲ್ ಅಂದರೆ ಸರಳ, ಸುಲಭ, ಸಾದಾ, ವಾಕ್ಯ ಮಾಡಿ, ಒಬ್ಬ ಹುಡುಗಿ ಎದ್ದು ನಮ್ಮ ಟೀಚರ್ ಸೀರಿ ಸಿಂಪಲ್ ಐತ್ರಿ ಅಂದಳು, ಎಲ್ಲರೂ ನಕ್ಕರು, ನಾನೂ ನಕ್ಕೆ, ಸೆರಗು ಕುತ್ತಿಗೆಯ ತನಕ ಹೊದ್ದಿದ್ದೆ, ಒಳಗೆ ಗಂಡನ ಐದೂ ಬೆರಳು ಮೂಡಿದ್ದವು — ಹುಡುಗ ಭಾಳ ಸಿಂಪಲ್ಲವ್ವಾ, ಚಾ ಸೈತ ಕುಡಿಯಂಗಿಲ್ಲ, ಹೊಂಬಳದ ನಮ್ಮ ಮನೆಯಲ್ಲಿ ಕೂತು ಸೋದರಮಾವ ಹೇಳಿದ್ದ, ಲಕ್ಷ್ಮೇಶ್ವರದಲ್ಲಿ ಸಿಂಪಲ್ಲಾಗಿ ಮದುವೆ, ಆಮೇಲೆ ಗಂಡ ಸೋಮೇಶ ಹೇಳಿದ, ನೀ ಸಿಂಪಲ್ ಇರಬೇಕ ನೋಡು, ಕಾಡಿಗಿ ಬ್ಯಾಡ, ಹೂ ಬ್ಯಾಡ, ಫೋನಿಗೆ ಲಾಕ್ ಬ್ಯಾಡ, ಸರಿ ಎಂದೆ, ಎಲ್ಲಕ್ಕೂ ಸರಿ ಎಂದೆ, ಇವತ್ತು ಪಾಲಕರ ಸಭೆ ಮುಗಿಸಿ ಬಂದರೆ ಯಾರ ಜೋಡಿ ನಿಂತಿದ್ದಿ ಇಷ್ಟೊತ್ತು, ಸಭಾ ಇತ್ತು ಎಂದೆ, ಕೂದಲು ಹಿಡಿದ, ಬಾಗಿಲ ಚೌಕಟ್ಟಿಗೆ ಒಮ್ಮೆ, ಮತ್ತೊಮ್ಮೆ, ಬಿದ್ದವಳ ಮೇಲೆ ಕುಕ್ಕರಿನ ಮುಚ್ಚಳ, ಕಣ್ಣ ತುಂಬ ಬಿಸಿ ಕೆಂಪು, ಎದುರು ಮನೆಯ ಖೈರುನಬಿ ಕಿಟಕಿ ಬಡಿದು ಕೂಗಿದಳು, ಬಾಗಲಾ ತಗಿಯೋ, ಸಾಯ್ತಾಳ ಅಕಿ, ಅವಳೇ ಆಟೋ ಹತ್ತಿಸಿದಳು, ದಾರಿಯುದ್ದಕ್ಕೂ ತನ್ನ ಓಢಣಿಯನ್ನು ನನ್ನ ಹುಬ್ಬಿಗೆ ಒತ್ತಿ ಹಿಡಿದಿದ್ದಳು.

ಈಗ ಅವನೂ ಬಂದಿದ್ದಾನೆ, ಬಾಗಿಲಲ್ಲಿ ತಲೆ ಬಾಚಿಕೊಂಡು ನಿಂತಿದ್ದಾನೆ, ಕೇಳಿದಿಲ್ಲೋ, ಸಿಂಪಲ್ ಅಂದ್ರು, ನಡಿ ಮನಿಗೆ — ಎಷ್ಟು ಮೆತ್ತಗಿನ ದನಿ, ನಾನು ಡಾಕ್ಟರನ್ನು ಕೇಳುತ್ತೇನೆ, ಸರ, ಎಲುಬು ಮುರದಿದ್ರ ಏನಂತ ಬರೀತಿದ್ರಿ, ಆವಾಗ ಗ್ರಿವಿಯಸ್, ಅಂದ್ರ ಭಾರೀ ಗಾಯ, ಅಂತ ಬರೀತಿದ್ದೆನವ್ವಾ, ಕಾನೂನಿನಾಗ ಹಂಗೈತಿ, ಹಾಗಾದರೆ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಇರುವುದು ನನ್ನ ಒಂದು ಎಲುಬು, ಅದನ್ನು ಅವನೂ ಕೇಳಿಸಿಕೊಂಡ, ಮುಂದಿನ ಸಲ ಮುರಿಯದಂತೆ ಹೊಡೆಯುತ್ತಾನೆ, ಇಲ್ಲವೇ ಹೇಳಲು ನಾನೇ ಇರುವುದಿಲ್ಲ, ಪೊಲೀಸಮ್ಮ ಬಗ್ಗಿ ಕೇಳುತ್ತಾರೆ, ಸಿಟ್ಟಿನ ಭರದಾಗ ಕೈ ಎತ್ತಿರಬೇಕು, ಹೌದಿಲ್ಲೋ, ಹೂಂರಿ ಮೇಡಮ್, ಸಿಟ್ಟಿನಾಗ ಆತ್ರಿ, ಉತ್ತರ ಅವನದು, ಖೈರುನಬಿ ನನ್ನ ಕೈ ಹಿಚುಕುತ್ತಾಳೆ, ಹೇಳ ಶೀತಲ್, ಖರೆ ಹೇಳ — ಸಿಟ್ಟಿನಾಗ ಅಲ್ರಿ ಎನ್ನುತ್ತೇನೆ, ನನ್ನದೇ ದನಿ ಕೋಣೆಯಲ್ಲಿ ದೊಡ್ಡದಾಗಿ ಕೇಳುತ್ತದೆ, ಮೊದಲ ಚಿಲಕಾ ಹಾಕಿದನ್ರಿ, ಆಮ್ಯಾಲೆ ಕೈಯಾನ ವಾಚ್ ಬಿಚ್ಚಿದ, ಪೆನ್ನು ನಿಂತಿತು, ಪೊಲೀಸಮ್ಮ ತಿರುಗಿ ನೋಡಿದರು, ಏ, ನೀ ಹೊರಗ ನಿಂದ್ರು, ಹೇಳವ್ವಾ, ಬರಕೋತೀನಿ, ವಾಚ್ ಬಿಚ್ಚಿದನ, ಹೂಂರಿ, ಪ್ರತಿ ಸಲ ಬಿಚ್ಚತಾನ್ರಿ, ಅವಸರವಿಲ್ಲ, ಕೈ ನಡುಗುವುದಿಲ್ಲ, ಟಿವಿಯ ಪಕ್ಕದಲ್ಲಿ ಕರವಸ್ತ್ರ ಹಾಸುತ್ತಾನೆ, ಪಟ್ಟಿ ಮಡಚುತ್ತಾನೆ, ಗಾಜಿಗೆ ಗೀರು ಬೀಳಬಾರದು, ಮೆಲ್ಲಗೆ, ಮಲಗಿಸಿದ ಹಾಗೆ, ಗಾಜು ಮೇಲಾಗಿ, ಕರವಸ್ತ್ರದ ಮೇಲೆ ಆ ವಾಚ್, ಗಾಜು ಮೇಲಾಗಿ, ಗಾಜು ಮೇಲಾಗಿ —