ಹುರುಳಿ ಹಾಸಿದ ದಾರಿ

ಕೊನೆಯ ನಟ್ಟು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಹಿತ್ತಲಲ್ಲಿ ಗೋಣಿತಾಟು ಹಾಸಿಕೊಂಡು ಕಾರಿನಡಿ ಅಂಗಾತ ಮಲಗಿದ್ದ ಗುರುಸಿದ್ದಯ್ಯನ ಕಣ್ಣಿಗೆ ತುಕ್ಕಿನ ಪುಡಿ ಉದುರುತ್ತಿತ್ತು. ಸೀಮೆಎಣ್ಣೆ ಬಿಟ್ಟ, ಸುತ್ತಿಗೆಯಲ್ಲಿ ಬಡಿದ, ಸ್ಪ್ಯಾನರಿಗೆ ಪೈಪು ತೊಡಿಸಿ ಜಗ್ಗಿದ. ಮಗಳನ್ನು ಇವತ್ತು ಕರೆತರದಿದ್ದರೆ ಕೆಲಸ ಕೆಟ್ಟಿತು. ಭಾನುವಿಗೆ ಏಳು ತಿಂಗಳು ತುಂಬುತ್ತಿತ್ತು. ಎಂಟರಲ್ಲಿ ಬಸುರಿಯನ್ನು ತವರಿಗೆ ಕರೆತರುವಂತಿಲ್ಲ, ನಾಳೆ ಬೆಳಗಾದರೆ ಧನುರ್ಮಾಸ ಬೇರೆ.

ಅವಳು ಬರುತ್ತೇನೆ ಅಂದದ್ದೇ ದೊಡ್ಡದು. ಗುಂಡ್ಲುಪೇಟೆಯಲ್ಲಿ ಟೈಪಿಂಗ್ ಕಲಿಸುವ ಮಾದೇಶನನ್ನು ಅಪ್ಪನಿಗೆ ಹೇಳದೆ ಮದುವೆಯಾದಾಗಿನಿಂದ ಚಾಮರಾಜನಗರದ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ತುಳಿಯಬೇಡ ಅಂದವನೂ ಈ ಗುರುಸಿದ್ದಯ್ಯನೇ. ಹೆಂಡತಿ ಮೂಗಮ್ಮ ಅತ್ತು, ಉಪವಾಸ ಕೂತು ಅವನನ್ನು ಬಗ್ಗಿಸಿದ್ದಳು. ಅಪ್ಪನೇ ಬಂದು ಕರೆದರೆ ಬರುತ್ತೇನೆ, ಬೇರೆ ಯಾರು ಬಂದರೂ ಬರುವುದಿಲ್ಲ ಎಂದು ಮಗಳು ಹೇಳಿಕಳಿಸಿದ್ದಳು. ಅಪ್ಪನ ಹಟಕ್ಕೆ ಸರಿಯಾದ ಮಗಳು.

ಮದರಾಸಿನಲ್ಲಿ ಓಡಿ ಹಳತಾಗಿ ಬಂದ ಈ ಬಿಳಿ ಕಾರು, ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನ ಒಂದೇ ಶೋಕಿ. ಅದರ ಹೊಟ್ಟೆಯಡಿ, ಸೈಲೆನ್ಸರಿಗೆ ಮುಂಚೆ, ಹೊಗೆ ಶುದ್ಧ ಮಾಡುವ ಒಂದು ಡಬ್ಬಿ ಇತ್ತು. ಕನ್ವರ್ಟರ್ ಅಂತೆ. ಅಂಥ ಗಾಡಿಗೆ ಸೀಸವಿಲ್ಲದ ಪೆಟ್ರೋಲೇ ಆಗಬೇಕು. ನಮ್ಮ ಗುರುಸಿದ್ದಯ್ಯ ಊರಿನವರೆಲ್ಲ ಹಾಕಿಸುವುದನ್ನೇ ಹಾಕಿಸಿದ. ಡಬ್ಬಿಯೊಳಗಿನ ಜೇನುಗೂಡಿನಂಥ ಸಣ್ಣ ತೂತುಗಳು ಕಟ್ಟಿಕೊಂಡು ಕಾರು ಏರು ಕಂಡರೆ ಮುಲುಕತೊಡಗಿತು. ಮೆಕ್ಯಾನಿಕ್ಕುಗಳು ಇಂಥದ್ದನ್ನು ನಾವು ನೋಡೇ ಇಲ್ಲ ಅಂದರು. ಕೊನೆಗೆ ಗುಜರಿ ಅಂಗಡಿಯ ಅಮೀರ್ ಜಾನ್ ಎಲ್ಲಿಂದಲೋ ಇನ್ನೊಂದು ಡಬ್ಬಿ ತರಿಸಿಕೊಟ್ಟ. ತನ್ನ ಗಾಡಿಗೆ ಇನ್ನೊಬ್ಬ ಕೈ ಹಾಕುವುದು ಗುರುಸಿದ್ದಯ್ಯನಿಗೆ ಮೊದಲೇ ಆಗದು. ತಾನೇ ಮಲಗಿಬಿಟ್ಟ.

ಅಂತೂ ನಟ್ಟು ಬಿಟ್ಟಿತು. ಬೇರೆ ಡಬ್ಬಿ ಕೂತಿತು, ಇಂಜಿನ್ನು ಸಲೀಸಾಗಿ ನಡೆಯಿತು. ಹಳೆಯ ಡಬ್ಬಿಯನ್ನು ಸುತ್ತಿಕೊಂಡಿದ್ದ ತಗಡಿನ ಬೋಲ್ಟುಗಳು ಮಾತ್ರ ಬಿಚ್ಚುವಾಗಲೇ ಮುರಿದಿದ್ದವು. ಮೂಗಮ್ಮ ಆ ತಗಡನ್ನು ಎತ್ತಿ ತೋರಿಸಿದಳು.

“ಇದೊಂದು ಉಳ್ಕತಲ್ಲ?”

“ಧೂಳಿಗೆ ಹಾಕಿರೋ ಮುಚ್ಚಳ ಕಣ, ಬುಡು. ಅದಿಲ್ದಿದ್ರೆ ಗಾಡಿ ಓಡಕಿಲ್ವಾ?”

ಧೂಳಿಗಲ್ಲ. ಕೆಂಡದ ಹಾಗೆ ಕಾಯುವ ಡಬ್ಬಿಗೆ ಹೊರಗಿನದೇನೂ ತಾಗದಿರಲಿ ಎಂದು ಹಾಕಿದ್ದು. ಅದನ್ನು ಅವನಿಗೆ ಹೇಳುವವರು ಯಾರು, ಹೇಳಿದರೂ ಕೇಳಬೇಕಲ್ಲ.

ಗುಂಡ್ಲುಪೇಟೆಯಲ್ಲಿ ಅವನು ಬೀಗರ ಮನೆಯೊಳಗೆ ಕಾಲಿಡಲಿಲ್ಲ. ಕಾರಿನ ಪಕ್ಕವೇ ನಿಂತು “ಬಾರವ್ವ” ಅಂದ, ಅಷ್ಟೆ. ಭಾನು ಕಣ್ಣು ಒರೆಸಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಮಾದೇಶ ಅವಳ ಟ್ರಂಕನ್ನು ಪಕ್ಕಕ್ಕೆ ಇರಿಸಿ, ಅವಳನ್ನು ಬಿಟ್ಟು ಬರಲು ತಾನೂ ಬರಲೇ ಎಂದು ಕೇಳಿದ. ಗುರುಸಿದ್ದಯ್ಯ ಅವನ ಮುಖ ನೋಡದೆ ಗೇರು ಹಾಕಿದ. ಊರು ದಾಟುವಷ್ಟರಲ್ಲಿ ಕನ್ನಡಿಯಲ್ಲಿ ಒಂದು ಮೊಪೆಡ್ಡು ಕಂಡಿತು. ಬರುತ್ತಾನೆ, ನಾಚಿಕೆಗೆಟ್ಟವನು! ಗುರುಸಿದ್ದಯ್ಯ ಆಕ್ಸಿಲೇಟರು ಒತ್ತಿದ.

ತೆರಕಣಾಂಬಿ ದಾಟಿದ ಮೇಲೆ ರಸ್ತೆಯುದ್ದಕ್ಕೂ ಹುರುಳಿ. ಕಿತ್ತ ಗಿಡಗಳನ್ನು ಡಾಂಬರಿನ ಮೇಲೆ ಮೊಣಕಾಲುದ್ದ ಹಾಸಿ ರೈತರು ಪಕ್ಕಕ್ಕೆ ನಿಂತಿದ್ದರು. ಬಸ್ಸು ಲಾರಿಗಳ ಚಕ್ರವೇ ಅವರಿಗೆ ಒಕ್ಕಣೆಯ ಗುಂಡು. ಇದೇ ದಾರಿಯಲ್ಲಿ ಬಸ್ಸು ಓಡಿಸುವಾಗ ಗುರುಸಿದ್ದಯ್ಯ ಒಮ್ಮೆಯೂ ಅಂಚಿಗೆ ಸರಿದವನಲ್ಲ. ಹುರುಳಿ ತುಳಿಯದೆ ಹೋಗುವ ಡ್ರೈವರು ಜಿಪುಣ ಎಂದು ಅವನ ಲೆಕ್ಕ. ಇವತ್ತೂ ನಡುವೆಯೇ ನುಗ್ಗಿಸಿದ. ಬಸ್ಸಿನ ಹೊಟ್ಟೆ ಎತ್ತರ, ಈ ಕಾರಿನದು ನೆಲಕ್ಕೆ ಹತ್ತಿರ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಒಣಗಿದ ಬಳ್ಳಿ ಅಡಿಯಲ್ಲಿ ಸರಬರ ಸುತ್ತಿಕೊಳ್ಳುತ್ತ ಬಂತು.

“ಅಪ್ಪ, ಯೇನೋ ಸುಟ್ಟ ವಾಸ್ನೆ ಬತ್ತಾ ಅದ.”

ಈಗ ತಾನೇ ಹಾಕಿದ ಡಬ್ಬಿ, ಎಣ್ಣೆಪಸೆ ಆರುತ್ತಿದೆ ಎಂದ. ಅವನ ಮೂಗಿಗೂ ಬೇರೆ ವಾಸನೆ ಬಡಿದಿತ್ತು. ನಿಲ್ಲಿಸಿದರೆ ಮೊಪೆಡ್ಡು ಬಂದು ಸೇರುತ್ತದಲ್ಲ ಎಂದು ಇನ್ನಷ್ಟು ದೂರ ಓಡಿಸಿದ. ಕಾಲಡಿ ಬಿಸಿ ತಡೆಯಲಾಗುತ್ತಿಲ್ಲ ಎಂದು ಭಾನು ಕಾಲೆತ್ತಿಕೊಂಡಳು. ಅಷ್ಟರಲ್ಲಿ ಕಾರಿನಡಿಯಿಂದ ಎರಡೂ ಕಡೆ ಹೊಗೆ ಎದ್ದಿತು.

ಗಕ್ಕನೆ ನಿಲ್ಲಿಸಿ ಇಳಿದು ಹಿಂದಿನ ಬಾಗಿಲು ಎಳೆದ. ಬಾಗಿಲು ಕಚ್ಚಿಕೊಂಡಿತ್ತು. ಆ ಕಡೆಗೆ ಟ್ರಂಕು ಅಡ್ಡ, ತುಂಬಿದ ಹೊಟ್ಟೆ ಹೊತ್ತ ಹುಡುಗಿ ಎಲ್ಲಿಂದ ನುಸುಳಬೇಕು? ಅಡಿಯಲ್ಲಿ ಚಟಚಟ ಸದ್ದು, ಹಿಂದೆ ಪೆಟ್ರೋಲ್ ಟ್ಯಾಂಕು. ಹಿಡಿಕೆ ಹಿಡಿದು ಮತ್ತೆ ಎಳೆದ, ಬರಲಿಲ್ಲ. ಮೊಪೆಡ್ಡು ಬಿದ್ದ ಶಬ್ದ ಕೇಳಿತು. ಮಾದೇಶ ಓಡಿ ಬಂದವನೇ ಬೋರಲು ಮಲಗಿ ಕಾರಿನಡಿ ತೂರಿ, ಉರಿಯುವ ಬಳ್ಳಿಯನ್ನು ಬರಿಗೈಯಲ್ಲಿ ಬಾಚಿ ಬಾಚಿ ಹೊರಗೆ ಎಳೆದ.

“ಟ್ಯಾಂಕ್ ಅದ ಕಣಾ, ಈಚೆ ಬಾ!”

“ನೀವು ಬಾಗ್ಲು ತೆಗೀರಿ ಮಾವ.”

ಗುರುಸಿದ್ದಯ್ಯ ಕಾಲನ್ನು ಕಾರಿಗೆ ಒತ್ತಿ ಜಗ್ಗಿದ. ಬಾಗಿಲು ಕಿತ್ತುಕೊಂಡು ಬಂತು. ಮಗಳನ್ನು ಕಂಕುಳಿಗೆ ಕೈ ಹಾಕಿ ಇಳಿಸಿಕೊಂಡು ರಸ್ತೆಯಾಚೆಗೆ ಸಾಗಿಸಿದ. ಹುರುಳಿಯ ಒಡತಿ ಕರಿಯಮ್ಮ ಮತ್ತು ಅವಳ ಕಡೆಯವರು ಮಂಕರಿಯಲ್ಲಿ ಮಣ್ಣು ತಂದು ಸುರಿದು ಬೆಂಕಿ ಆರಿಸಿದರು. ಆಮೇಲೆ ಕರಿಯಮ್ಮ ಅವನ ಡ್ರೈವರಿಕೆಗೆ ಬೆಂಕಿ ಹಾಕ ಎಂದು ಬಾಯಿಗೆ ಬಂದಂತೆ ಬೈದಳು. ಬೈದು ಮುಗಿದ ಮೇಲೆ ಬಸುರಿಗೆ ನೀರು ಕೊಟ್ಟು, ಎರಡೂ ಗಾಡಿಯನ್ನು ತಾನು ನೋಡಿಕೊಳ್ಳುವೆ ಅಂದಳು. ಮಾದೇಶನ ಅಂಗೈಗಳು ಸುಲಿದು ಬೊಬ್ಬೆಯೆದ್ದಿದ್ದವು. ಭಾನು ಸೆರಗು ಹರಿದು ಒದ್ದೆ ಮಾಡಿ ಸುತ್ತಿದಳು. ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಗುರುಸಿದ್ದಯ್ಯನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಚಾಮರಾಜನಗರದ ಬಸ್ಸು ಬಂದು ನಿಂತಿತು. ಅವನು ಟ್ರಂಕು ಹತ್ತಿಸಿ ತಿರುಗಿದರೆ ಭಾನು ಗಂಡನ ಪಕ್ಕ ನಿಂತಲ್ಲೇ ಇದ್ದಳು. ತಾನು ಗುಂಡ್ಲುಪೇಟೆಗೆ ಹೋಗಿ ಕೈ ತೋರಿಸಿಕೊಳ್ಳುತ್ತೇನೆ, ನೀನು ಹೊರಡು ಎಂದು ಮಾದೇಶ ಮೆಲ್ಲಗೆ ಹೇಳುತ್ತಿದ್ದ.

“ನೀನು ಕರ್ದೆ ಅಂತ ನಾ ಬಂದೆ ಅಪ್ಪ,” ಅಂದಳು ಭಾನು. “ಇವ್ರನ್ನೂ ನೀನೇ ಕರೀಬೇಕು.”

ಕಂಡಕ್ಟರು ಅವಸರ ಮಾಡಿದ. ಬಸ್ಸಿನ ಕಿಟಕಿಗಳಲ್ಲೆಲ್ಲ ಮುಖಗಳು. ಎರಡು ವರ್ಷದಿಂದ ಗುರುಸಿದ್ದಯ್ಯ ಅಳಿಯನ ಹೆಸರು ಹಿಡಿಯದೆ ‘ಆ ನನ್ಮಗ’ ಅನ್ನುತ್ತಲೇ ಬಂದಿದ್ದ. ಈಗ ಬಾಯಿ ಬಿಡದಿದ್ದರೆ ಅವಳು ಗುಂಡ್ಲುಪೇಟೆಗೆ ವಾಪಸು ಬಸ್ಸು ಹಿಡಿಯುತ್ತಾಳೆ, ಮತ್ತೆ ಬರುವವಳಲ್ಲ. ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಬಾಪ್ಪ ಮಾದೇಸ,” ಅಂದ. ಅಷ್ಟು ಸಾಲದು ಅನ್ನಿಸಿತೇನೋ, ದನಿ ತಗ್ಗಿಸಿ, “ನಿಮ್ಮತ್ತೆ ಕಾಯ್ತಾ ಅವಳ,” ಅಂದ.

ಭಾನುವಿಗೆ ಯಾರೋ ಸೀಟು ಬಿಟ್ಟುಕೊಟ್ಟರು. ಗಂಡಸರಿಬ್ಬರೂ ನಿಂತರು. ಗುರುಸಿದ್ದಯ್ಯ ಕಂಡಕ್ಟರಿಗೆ “ಮೂರು, ಚಾಮರಾಜನಗರ” ಎಂದ. ಮಾದೇಶನಿಗೆ ಕಂಬಿ ಹಿಡಿಯಲಾಗದು. ಬಟ್ಟೆ ಸುತ್ತಿದ ಎರಡೂ ಕೈಯನ್ನು ಎದೆಗೆ ಒತ್ತಿಕೊಂಡು ಬಸ್ಸು ಕುಲುಕಿದಾಗೆಲ್ಲ ತೂರಾಡುತ್ತಿದ್ದ. ಮುಂದಿನ ತಿರುವಿನಲ್ಲಿ ಅವನು ವಾಲಿದಾಗ ಗುರುಸಿದ್ದಯ್ಯ ಹಿಂದಿನಿಂದ ಅವನ ಸೊಂಟಕ್ಕೆ ತೋಳು ಬಳಸಿ ಹಿಡಿದ. ತಿರುವು ಮುಗಿದು ರಸ್ತೆ ನೇರವಾದರೂ ಹಾಗೇ ಹಿಡಿದುಕೊಂಡಿದ್ದ.