ಡೇರೆ ಕುಂಡದ ಹುಳಿಸೊಪ್ಪು

ಮಗಳ ಮನೆಗೆ ಹೊರಟಿದ್ದ ಕ್ಷೌರಿಕನ ಹೆಂಡತಿ ಬಸ್ಸಿನ ಮೆಟ್ಟಿಲು ಹತ್ತಿದವಳು ಮತ್ತೆ ಇಳಿದು ಗಂಡನ ಬಳಿ ಬಂದಳು.

"ನೋಡಿ, ಅಕ್ಕ ಕೊಟ್ಟ ಡೇರೆ ಹೂವಿನ ಗಡ್ಡೆ ಕುಂಡದಲ್ಲಿ ಹೂತಿದ್ದೀನಿ. ನೀರು ಹಾಕೋದು ಬಿಟ್ರೆ ಬೇರೇನೂ ಮಾಡ್ಬೇಡಿ. ಇದೂ ಹೋಯ್ತೋ, ಇನ್ಮೇಲೆ ನನ್ನ ಗಿಡಗಳ ಹತ್ರ ಸುಳಿಯೋ ಹಾಗಿಲ್ಲ!"

ಮಾತು ಚುಚ್ಚಿತು. ಹಿಂದೆ ಅವಳ ಗುಲಾಬಿಯನ್ನು ಒಪ್ಪ ಮಾಡಲು ಹೋಗಿ ಬರೀ ಕಡ್ಡಿ ಉಳಿಸಿದ್ದವನು ಅವನೇ, ನಿಜ. ಆದರೂ ಊರಿಗೆ ಊರೇ ತಲೆಯೊಪ್ಪಿಸುವ ಕೈಗೆ ಮನೆಯಲ್ಲಿ ಒಂದು ಕುಂಡ ಒಪ್ಪಿಸಲು ಹಿಂಜರಿಕೆಯೆಂದರೆ! ಈ ಸಲ ತೋರಿಸಿಯೇ ಬಿಡುತ್ತೇನೆಂದು ಹಟ ತೊಟ್ಟು, ಕುಂಡವನ್ನು ಕಣ್ಣೆದುರಿಗಿರಲೆಂದು ಅಂಗಡಿಯ ಕಿಟಕಿಯಲ್ಲೇ ತಂದಿಟ್ಟುಕೊಂಡ.

ಹಸಿರು ಎದ್ದಿತು. ನಡುವೆ ಒಂದು ದಪ್ಪ, ಒರಟು ಮೊಳಕೆ. ಸುತ್ತಲೂ ಮೂರು ಮೂರು ಎಲೆಯ ಮೆತ್ತನೆಯ ಸೊಪ್ಪು, ಎಣ್ಣೆ ಹಚ್ಚಿ ಬಾಚಿದ ಹಾಗೆ. ಬಾಚಿದ ತಲೆಯಲ್ಲಿ ಒಂದು ಜುಟ್ಟು ಸೆಟೆದು ನಿಂತರೆ ಅವನ ಕೈ ಸುಮ್ಮನಿದ್ದೀತೆ? ಕತ್ತರಿ ಕಚಕ್ಕೆಂದಿತು. ಕುಂಡ ಲಕ್ಷಣವಾಯಿತು.

ಆಮೇಲೆ ಸೊಪ್ಪಿಗೆ ನಡೆದದ್ದು ಅಳಿಯನಿಗೂ ಸಿಗದ ಉಪಚಾರ. ಗಿರಾಕಿಗಳ ತಲೆಗೆ ನೀರು ಚಿಮುಕಿಸುವ ಬಾಟಲಿಯಿಂದಲೇ ಅದಕ್ಕೂ ಹನಿ. ಧೂಳು ಕೂತರೆ ಕತ್ತಿನ ಕೂದಲು ಒರೆಸುವ ಬ್ರಶ್ಶು. ಉಗುರಿನಗಲದ ಹಳದಿ ಹೂ ಬಿಟ್ಟ ದಿನ, ಬಡಗಿಯ ಗಡ್ಡವನ್ನು ಅರ್ಧಕ್ಕೇ ಬಿಟ್ಟು ಕಿಟಕಿಗೆ ಓಡಿದ.

"ಡೇರೆ ಅರಳ್ತು ಕಣಯ್ಯಾ!"

ಬಡಗಿ ನೊರೆಮುಖದಲ್ಲೇ ಎದ್ದು ಬಂದು ಒಂದೆಲೆ ಚಿವುಟಿ ಬಾಯಿಗೆ ಹಾಕಿಕೊಂಡ.

"ಡೇರೆಯಂತೆ! ಇದು ಹೊಲದ ಬದುವಿನ ಹುಳಿಸೊಪ್ಪು. ಚಿಕ್ಕವರಿದ್ದಾಗ ಜೇಬು ತುಂಬ ಕಿತ್ತು ತಿಂದಿಲ್ವಾ? ಉಪ್ಪಿದ್ರೆ ಕೊಡು."

ಕ್ಷೌರಿಕನಿಗೆ ತಾನೇ ಕತ್ತರಿಸಿದ ಜುಟ್ಟು ನೆನಪಾಯಿತು. ಹೆಂಡತಿ ಬರುವುದು ನಾಳೆ.

ಬಂದವಳು ನೆಟ್ಟಗೆ ಅಂಗಡಿಗೇ ಬಂದು, ಚೀಲ ಇಳಿಸುವ ಮೊದಲೇ ಕುಂಡದ ಮುಂದೆ ನಿಂತಳು. ಅವನು ಮಡಿಸಿದ ಟವೆಲನ್ನೇ ಮತ್ತೆ ಮಡಿಸಿದ.

"ಅಕ್ಕನ ಮನೇಲಿ ಡೇರೆ ಊಟದ ತಟ್ಟೆಯಷ್ಟಗಲ ಬಿಡುತ್ತೆ ಕಣ್ರೀ. ನಿಮ್ಮ ಕೈಗುಣಕ್ಕೆ ಮೂಗುಬೊಟ್ಟಿನಷ್ಟಾಗಿದೆ."

"ಜಾತಿಯೇ ಸಣ್ಣದಿರಬೇಕು ಕಣೇ."

"ಇರಬೇಕು, ಇರಬೇಕು. ಅಕ್ಕನ್ನೂ ಕರೆಸ್ಲಾ? ಕಣ್ತುಂಬ ನೋಡ್ಲಿ."

"ಬೇಡ ಮಾರಾಯ್ತಿ! ಕತ್ತರಿ ಹಾಕ್ಬಿಟ್ಟೆ. ಎದ್ದು ನಿಂತಿತ್ತು, ತಡೆಯೋಕಾಗ್ಲಿಲ್ಲ."

ಅವಳು ಸೊಪ್ಪು ಸರಿಸಿ ಮಣ್ಣಿಗೆ ಬೆರಳಿಳಿಸಿದಳು. ಗಡ್ಡೆ ಗಟ್ಟಿಯಾಗಿತ್ತು. ಅದರ ಕತ್ತಿನಲ್ಲಿ, ಸೊಪ್ಪಿನ ಮರೆಯಲ್ಲಿ, ಎರಡು ಹೊಸ ಮೊಳಕೆ.

"ನಿಮ್ಮಷ್ಟೇ ಹಟಮಾರಿ ಇದು," ಎಂದಳು. "ಕುಂಡ ಮನೆಗೆ ತನ್ನಿ. ನೀರು ನೀವೇ ಹಾಕಿ."

ಅವನ ಮುಖ ಅರಳಿತು. "ಹಾಗಾದ್ರೆ ಈ ಸೊಪ್ಪು ಕಿತ್ತುಬಿಡ್ಲಾ?"

"ಏನೂ ಬೇಡ, ಅದೂ ಇರ್ಲಿ. ಪಾಪ, ಸಾಕಿದ ಮಗು."

ಹಾಗೆಂದವಳು ಅಂಗೈ ಚಾಚಿದಳು. "ಕತ್ತರಿ?"

ಅವನು ಜೇಬಿನಿಂದ ತೆಗೆದು, ಹಿಡಿಯನ್ನು ಅವಳ ಕಡೆ ತಿರುಗಿಸಿ ಕೊಟ್ಟು, ಕುಂಡ ಎತ್ತಿಕೊಂಡ.